ರೋಗಕ್ಕಿಟ್ಟ ಹೆಸರು

ಸಕ್ಕರೆ ಕಾಯಿಲೆಯಾದರೆ ರಕ್ತಪರೀಕ್ಷೆ ಹೇಳಿಬಿಡುತ್ತದೆ. ಮನಸ್ಸಿನ ಕಾಯಿಲೆಗಳಲ್ಲಿ ಹೆಚ್ಚಿನವಕ್ಕೆ ಇಂದಿಗೂ ಅಂಥ ಪರೀಕ್ಷೆಯಿಲ್ಲ. ರೋಗಿ ಹೇಳಿದ್ದು, ಮನೆಯವರು ಹೇಳಿದ್ದು, ವೈದ್ಯರು ಕಂಡದ್ದು, ಇಷ್ಟನ್ನು ಕೂಡಿಸಿ ರೋಗಕ್ಕೊಂದು ಹೆಸರಿಡಬೇಕು. ಇದರಲ್ಲಿ ಮನೆಯವರು ಹೇಳಿದ್ದು ಎಂಬುದೇ ನನ್ನನ್ನು ಹೆದರಿಸುತ್ತದೆ. ಎದುರುತ್ತರ ಕೊಟ್ಟ ಸೊಸೆಗೆ, ಮದುವೆ ಒಲ್ಲೆನೆಂದ ಮಗಳಿಗೆ "ತಲೆ ಸರಿಯಿಲ್ಲ" ಎಂದುಬಿಡಲು ನಮ್ಮಲ್ಲಿ ಎಷ್ಟು ಹೊತ್ತು ಬೇಕು, ನೀವೇ ಹೇಳಿ.

ಹಾಗಾದರೆ ವೈದ್ಯರು ಇಟ್ಟ ಹೆಸರನ್ನು ಕಣ್ಣುಮುಚ್ಚಿ ನಂಬಬಹುದೆ? 2009ರಲ್ಲಿ ನ್ಯೂಯಾರ್ಕಿನ ಪತ್ರಕರ್ತೆ ಸುಸಾನಾ ಕಹಾಲನ್ ಇದ್ದಕ್ಕಿದ್ದಂತೆ ಇಲ್ಲದ್ದನ್ನೆಲ್ಲ ಕಾಣತೊಡಗಿದಳು, ತನ್ನವರನ್ನೇ ಶಂಕಿಸಿದಳು. ಆಗ ಅವಳಿಗೆ 24 ವರ್ಷ. ಕುಡಿತದ ಫಲವೆಂದರು ಒಬ್ಬ ವೈದ್ಯರು, ಮನೋರೋಗವೆಂದರು ಇನ್ನೊಬ್ಬರು. ಕೊನೆಗೆ ಡಾ. ಸುಹೇಲ್ ನಜ್ಜಾರ್ ಅವಳಿಂದ ಒಂದು ಗಡಿಯಾರದ ಚಿತ್ರ ಬರೆಸಿದರು. ಅಂಕಿಗಳೆಲ್ಲ ಬಲಗಡೆಯೇ ಒತ್ತೊತ್ತಾಗಿ ಬಿದ್ದಿದ್ದವು! ಮೆದುಳಿನ ಬಲಭಾಗದಲ್ಲಿ ಉರಿಯೂತವಿತ್ತು. ದೇಹದ ರೋಗನಿರೋಧಕ ಶಕ್ತಿಯೇ ಮೆದುಳಿನ ಮೇಲೆ ತಿರುಗಿಬಿದ್ದಿತ್ತು. ಚಿಕಿತ್ಸೆಯಾಯಿತು, ಅವಳು ಮತ್ತೆ ಕೆಲಸಕ್ಕೆ ಮರಳಿದಳು.

ಇಂಥವಳು ಮನೋವೈದ್ಯರನ್ನು ಜನ್ಮವಿಡೀ ದೂರಬಹುದಿತ್ತು. ಮಾಡಿದ್ದೇ ಬೇರೆ. ಆರೋಗ್ಯವಂತರು ಯಾರದೋ ದನಿ ಕೇಳಿಸುತ್ತದೆಂದು ಸುಳ್ಳು ಹೇಳಿ ಮಾನಸಿಕ ಆಸ್ಪತ್ರೆ ಸೇರಿದರೂ ಅಲ್ಲಿಯ ವೈದ್ಯರಿಗೆ ಗೊತ್ತಾಗಲಿಲ್ಲವೆಂದು ಅಮೆರಿಕದ ಡೇವಿಡ್ ರೋಸೆನ್‌ಹಾನ್ 1973ರಲ್ಲಿ ಬರೆದ ಲೇಖನ ಜಗತ್ಪ್ರಸಿದ್ಧ. ಈಕೆ ಹಳೆಯ ಕಾಗದಪತ್ರಗಳನ್ನು ಕೆದಕಿ, ಆ ಲೇಖನದಲ್ಲೇ ನಂಬಲಾಗದ ಸಂಗತಿಗಳಿವೆಯೆಂದು 2019ರಲ್ಲಿ ಪುಸ್ತಕ ಬರೆದಳು. ತಪ್ಪು ಹೆಸರಿನಿಂದ ನೊಂದವಳೇ ವೈದ್ಯರ ಮೇಲಿನ ದೂರನ್ನೂ ಒರೆಗೆ ಹಚ್ಚಿದಳು. ನನಗೆ ಹಿಡಿಸಿದ್ದು ಈ ನ್ಯಾಯಬುದ್ಧಿ.

ಡಾಕ್ಟರರೂ ತಪ್ಪುತ್ತಾರೆಂದು ಗುಳಿಗೆಗಳನ್ನು ಹಿತ್ತಿಲಿಗೆ ಎಸೆಯುವುದು ವಿವೇಕವಲ್ಲ. ಸರಿಯಾದ ಔಷಧಿಯಿಂದ ನಿದ್ದೆಯನ್ನೂ ನಗುವನ್ನೂ ಮರಳಿ ಪಡೆದವರು ನಮ್ಮ ನಡುವೆಯೇ ಇದ್ದಾರೆ. ಅನುಮಾನವಿದ್ದರೆ ಇನ್ನೊಬ್ಬ ಡಾಕ್ಟರರನ್ನು ಕೇಳೋಣ. ಆದರೆ ಆ ಹೆಸರು ಚಿಕಿತ್ಸೆಗಾಗಿ ರೋಗಕ್ಕೆ ಇಟ್ಟದ್ದು, ಹೆಂಗಸಿಗೆ ಇಟ್ಟದ್ದಲ್ಲ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಸೆಕ್ಷನ್ ಕೂಡ ಇದನ್ನೇ ಹೇಳುತ್ತದೆ. ಸಮಾಜದ ರೀತಿನೀತಿಗೆ ಒಗ್ಗಲಿಲ್ಲವೆಂದು ಯಾರನ್ನೂ ಮನೋರೋಗಿ ಎನ್ನುವಂತಿಲ್ಲ. ಹಿಂದೊಮ್ಮೆ ಚಿಕಿತ್ಸೆ ಪಡೆದಿದ್ದರೆಂಬುದೊಂದೇ ಇಂದೂ ರೋಗಿಯೆನ್ನಲು ಸಾಲದು.

ಕಾನೂನು ಒಪ್ಪಿದ ಈ ಮಾತನ್ನು ನಮ್ಮ ಮನೆಗಳು, ಸಂಬಂಧ ಕುದುರಿಸುವ ಹಿರಿಯರು ಎಂದು ಒಪ್ಪುತ್ತಾರೋ. ಅಲ್ಲಿಯವರೆಗೆ, ಎರಡು ವರ್ಷ ಮಾತ್ರೆ ನುಂಗಿದ ಹುಡುಗಿಯನ್ನು "ಅದೇ, ಆ ಹುಚ್ಚಿ" ಎಂದು ತೋರಿಸುವ ಬೆರಳು ನಮ್ಮದಾಗದಿದ್ದರೆ ಸಾಕು.