ಕಾವಲುಗಾರನ ಬಂದೂಕು

ಬಂದೂಕಿನ ವಿಚಾರ ನಮ್ಮ ಮಾಸಿಕಕ್ಕೇಕೆ ಎಂದು ಓದುಗ ಬಂಧುಗಳು ಕೇಳಬಹುದು. ಆದರೆ ನಾವು ಇಂದಿಗೂ ವಿ.ಟಿ. ಎಂದೇ ಕರೆಯುವ ನಿಲ್ದಾಣದಲ್ಲಿ 2008ರ ನವೆಂಬರ್ 26ರ ರಾತ್ರಿ ನಡೆದುದನ್ನು ಮರೆಯುವುದೆಂತು? ಹಂತಕರ ಕೈಯಲ್ಲಿ ಎ.ಕೆ. ರೈಫಲು, ಕಾವಲಿನ ಪೊಲೀಸರಲ್ಲಿ ಕೆಲವರಿಗೆ ಲಾಠಿ, ಕೆಲವರಿಗೆ ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕಾದ ತ್ರೀ-ನಾಟ್-ತ್ರೀ.

ಹಾರಿದ ಗುಂಡಿನ ಅನಿಲದ ಒತ್ತಡದಿಂದಲೇ ಮುಂದಿನ ಗುಂಡು ತಾನಾಗಿ ಏರುವ ರೈಫಲನ್ನು ಫ್ರಾನ್ಸ್ ದೇಶ 1917ರಲ್ಲೇ ತನ್ನ ಸೈನಿಕರಿಗೆ ಕೊಟ್ಟಿತ್ತು! ತಿದ್ದಿ ತಿದ್ದಿ 1949ರಲ್ಲಿ ಸೇಂಟ್ ಎತಿಯೆನ್ ಕಾರ್ಖಾನೆಯ ಮಾದರಿ ಸೈನ್ಯಕ್ಕೆ ಬಂತು. ದೇಶ ಕಾಯಲೆಂದು ಬೆಳೆಸಿದ ಆ ಆಯುಧ ಹೋದದ್ದೆಲ್ಲಿಗೆ? ಇಂಡೋಚೀನಾಕ್ಕೆ, ಅಲ್ಜೀರಿಯಾಕ್ಕೆ, ಸ್ವಾತಂತ್ರ್ಯ ಕೇಳಿದವರ ಎದುರಿಗೆ.

ಹಾಗಾದರೆ ಒಳ್ಳೆಯ ಬಂದೂಕು ಮಾಡುವುದು ಪಾಪವೆ? 1942ರಲ್ಲಿ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ಗಾಂಧೀಜಿಯ ಮಾತು ಕೇಳಿದ ಊರಿದು. ಪಾಪವೆನ್ನಲು ನಮಗೂ ನಾಲಗೆ ಬರುತ್ತದೆ. ಆದರೆ ಗಾಂಧೀಜಿಯ ಅಹಿಂಸೆಯಲ್ಲಿ ಸಾಯುವ ಮೊದಲ ಸರದಿ ಅದನ್ನು ಹೇಳುವವನದು. ನಾವು ಬಾಗಿಲು ಹಾಕಿಕೊಂಡು, ಸಂಬಳದ ಕಾನ್‌ಸ್ಟೇಬಲನನ್ನು ಅಜ್ಜನ ಕಾಲದ ಬಂದೂಕಿನೊಡನೆ ಹೊರಗೆ ನಿಲ್ಲಿಸಿದರೆ ಅದು ಅಹಿಂಸೆಯಲ್ಲ, ಜಿಪುಣತನ. (ಸೊಸೈಟಿಯ ವಾಚ್‌ಮನ್ನನಿಗೆ ಹೊಸ ಟಾರ್ಚು ಕೊಡಿಸಲು ನಮ್ಮ ಸಭೆಗಳಲ್ಲಿ ನಡೆಯುವ ಚರ್ಚೆ ಬಲ್ಲವರೇ ಬಲ್ಲರು.)

ಅದೇ ರಾತ್ರಿ ಗಿರ್ಗಾಂವ್ ಚೌಪಾಟಿಯಲ್ಲಿ ಪೊಲೀಸ್ ತುಕಾರಾಮ್ ಓಂಬ್ಳೆಯವರು ಹಂತಕನ ರೈಫಲಿನ ನಳಿಗೆಯನ್ನೇ ಹಿಡಿದುಕೊಂಡರು. ಗುಂಡುಗಳು ಅವರ ಮೈಹೊಕ್ಕವು. ಕಸಬ್ ಜೀವಂತ ಸಿಕ್ಕ. ಅವರನ್ನು ವೀರರೆಂದು ನಾವು ಕೊಂಡಾಡುತ್ತೇವೆ, ಕೊಂಡಾಡಲೇಬೇಕು. ಅವರ ಬಳಿಯಿದ್ದುದು ಲಾಠಿ.