ಇನ್ನೊಂದು ಕಾರು

ಹಿಂದೆ ನಮ್ಮ ಬಸವನಗುಡಿಯಲ್ಲಿ ಇಬ್ಬರು ಅಪರಿಚಿತರು ಮಾತಿಗೆ ಕುಳಿತರೆ ಮೊದಲ ಪ್ರಶ್ನೆ "ತಮ್ಮದು ಯಾವ ಊರಾಯಿತು?" ಎಂಬುದಾಗಿರುತ್ತಿತ್ತು. ಈಗ "ನಿಮ್ಮದು ಯಾವ ಗಾಡಿ?" ಎಂದು ಕೇಳುತ್ತಾರೆ. ಇದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ. ಊರು ಹುಟ್ಟಿನಿಂದ ಬಂದದ್ದು. ಗಾಡಿಯನ್ನಾದರೂ ಮನುಷ್ಯ ತಾನಾಗಿ ಆರಿಸಿಕೊಂಡಿರುತ್ತಾನೆ. ಆದರೆ ಈ ಪ್ರಶ್ನೆಗೆ ಕೆಲವರು ಉತ್ತರ ಹೇಳುವ ರೀತಿಯನ್ನು ಗಮನಿಸಬೇಕು. ದಿನಾ ಆಫೀಸಿಗೆ ಹೋಗುವ ಕಾರಿನ ಹೆಸರನ್ನು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ. ಆಮೇಲೆ ಸ್ವಲ್ಪ ತಡೆದು, ದನಿ ಬದಲಾಯಿಸಿ, "ಇನ್ನೊಂದಿದೆ, ಅದನ್ನ ನೀವು ನೋಡಬೇಕು" ಎನ್ನುತ್ತಾರೆ. ಆ ಇನ್ನೊಂದು, ಅಪ್ಪನ ಕಾಲದ ಫಿಯೆಟ್ ಇರಬಹುದು. ಮೈಸೂರಿನಲ್ಲಿ ತಯಾರಾದ ಜಾವಾ ಇರಬಹುದು. ದಪ್ಪ ಟೈರಿನ, ಇಪ್ಪತ್ತು ಚಿಲ್ಲರೆ ಗೇರುಗಳ ಮೌಂಟನ್ ಬೈಕ್ ಎಂಬ ಸೈಕಲ್ಲೂ ಇರಬಹುದು. ಮೊದಲನೆಯದು ಅವರನ್ನು ಹೊತ್ತು ತಿರುಗುತ್ತದೆ. ಇನ್ನೊಂದನ್ನು ಅವರೇ ಹೊತ್ತು ತಿರುಗುತ್ತಾರೆ.

ಹೀಗೆ ತೋರಿಸಿಕೊಳ್ಳುವುದು ತಪ್ಪೇ? ನನ್ನನ್ನು ಬಹಳ ದಿನಗಳಿಂದ ಕಾಡಿದ ಪ್ರಶ್ನೆ ಇದು.

ನಮ್ಮ ಹಿರಿಯರನ್ನು ಕೇಳಿದರೆ ಉತ್ತರ ಸಿದ್ಧವಾಗಿದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಅರ್ಧರಾತ್ರಿಯ ಕೊಡೆ ಬಿಸಿಲಿಗಲ್ಲ, ಮಳೆಗೂ ಅಲ್ಲ. ಕೊಡೆ ಇದೆ ಎಂಬುದಕ್ಕಷ್ಟೇ. ಭಾನುವಾರ ಮಾತ್ರ ಹೊರಗೆ ಬರುವ ಕಾರೂ ಅಂಥದೇ ಅಲ್ಲವೇ ಎಂದು ಅನ್ನಿಸುವುದು ಸಹಜ. ಆದರೆ ಈ ಗಾದೆ ಬೈಯುವುದು ಅಲ್ಪನನ್ನು, ಕೊಡೆಯನ್ನಲ್ಲ. ಕೊಡೆಯ ಮೇಲೆ ನಿಜವಾದ ಪ್ರೀತಿ ಇರುವವನು, ಅದರ ಕಡ್ಡಿ ಕಡ್ಡಿಯ ಮರ್ಮ ಬಲ್ಲವನು ಏನು ಮಾಡಬೇಕು ಎಂಬ ವಿಷಯದಲ್ಲಿ ಗಾದೆ ಮೌನವಾಗಿದೆ. ನಮ್ಮ ಭಾಷೆಯಾದರೋ ಗಾದೆಗಿಂತ ಉದಾರಿ. ಜಂಬ, ಡೌಲು, ಶೋಕಿ ಎಂಬ ಮಾತುಗಳಿರುವ ಹಾಗೆಯೇ ಹೆಮ್ಮೆ ಎಂಬ ಮಾತೂ ಇದೆ. ಹುಚ್ಚು ಎಂಬ ಮಾತೂ ಇದೆ. "ಅವನಿಗೆ ಸಂಗೀತದ ಹುಚ್ಚು" ಎನ್ನುವಾಗ ನಾವು ಅವನನ್ನು ಹಳಿಯುವುದಿಲ್ಲ, ಒಂದಿಷ್ಟು ಅಕ್ಕರೆಯಿಂದಲೇ ಹೇಳುತ್ತೇವೆ. ಹುಚ್ಚು ಎಲ್ಲಿ ಮುಗಿದು ಡೌಲು ಎಲ್ಲಿ ಮೊದಲಾಗುತ್ತದೆ ಎಂಬುದೇ ತೊಡಕು.

ಇದನ್ನು ಬಿಡಿಸಲು ದೂರ ಹೋಗಬೇಕಾಗಿಲ್ಲ. ತೋರಿಸುವುದಕ್ಕೆಂದೇ ಒಂದು ಹಬ್ಬವನ್ನು ನಾವು ಇಟ್ಟುಕೊಂಡಿದ್ದೇವೆ. ನವರಾತ್ರಿಯಲ್ಲಿ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಮನೆಗಳಲ್ಲಿ ಗೊಂಬೆ ಕೂರಿಸುತ್ತಾರಲ್ಲ, ಅದು ಪ್ರದರ್ಶನವಲ್ಲದೆ ಮತ್ತೇನು? ಮೆಟ್ಟಿಲು ಮೆಟ್ಟಿಲಾಗಿ ಹಲಗೆ ಜೋಡಿಸಿ, ಬಿಳಿ ಪಂಚೆ ಹಾಸಿ, ಮೇಲೆ ಪಟ್ಟದ ಗೊಂಬೆಗಳನ್ನು ಇಟ್ಟು, ಊರವರನ್ನೆಲ್ಲ ನೋಡಲು ಕರೆಯುತ್ತಾರೆ. ಗೊಂಬೆಗಳಿಂದ ಯಾವ ಉಪಯೋಗವೂ ಇಲ್ಲ. ಆದರೂ ಇದನ್ನು ಯಾರೂ ಡೌಲು ಎನ್ನಲಿಲ್ಲ. ಏಕೆಂದರೆ ಅದಕ್ಕೆ ಮೂರು ಕಟ್ಟಳೆಗಳಿದ್ದವು. ಒಂದು, ಬಾಗಿಲು ಎಲ್ಲರಿಗೂ ತೆರೆದಿರಬೇಕು, "ಗೊಂಬೆ ಕೂರ್ಸಿದೀರಾ?" ಎಂದು ಕೇಳಿಕೊಂಡು ಬರುವ ಬೀದಿಯ ಮಕ್ಕಳ ಪೈಕಿ ಇಂಥವರು ಬೇಡ ಎನ್ನುವಂತಿಲ್ಲ. ಎರಡು, ನೋಡಿದವರು ಬರಿಗೈಯಲ್ಲಿ ಹಿಂದಿರುಗಬಾರದು. ಚರ್ಪು ಕೊಟ್ಟೇ ಕಳಿಸಬೇಕು, ಅದು ಒಂದು ಹಿಡಿ ಕಡಲೆಯ ಉಸಲಿಯಾದರೂ ಸರಿ. ಮೂರು, ವಿಜಯದಶಮಿಯ ರಾತ್ರಿ ಗೊಂಬೆಯನ್ನು ಮಲಗಿಸಿ, ಆಮೇಲೆ ಎಲ್ಲವನ್ನೂ ಬಟ್ಟೆ ಸುತ್ತಿ ಪೆಟ್ಟಿಗೆಗೆ ಸೇರಿಸಬೇಕು. ಹಜಾರವನ್ನು ಮನೆಯವರ ಓಡಾಟಕ್ಕೆ ಬಿಟ್ಟುಕೊಡಬೇಕು.

ಬಂಡಿಗಳ ವಿಷಯದಲ್ಲೂ ಈ ಮೂರು ಕಟ್ಟಳೆಗಳೇ ಸಾಕು ಎಂದು ನನಗೆ ತೋರುತ್ತದೆ.

ಜಾವಾದವರನ್ನೇ ನೋಡಿ. ಚೆಕೋಸ್ಲೊವಾಕಿಯಾದ ಈ ಮೋಟಾರ್ ಸೈಕಲ್ಲನ್ನು ಇಲ್ಲಿ ತಯಾರಿಸಲು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಆರಂಭವಾಯಿತು. 1970ರ ದಶಕದಲ್ಲಿ ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಬೇರೊಂದು ಕಂಪನಿ ಜಾವಾ ಹೆಸರಿಗೆ ಮತ್ತೆ ಜೀವ ಕೊಟ್ಟಿತಾದರೂ, ನಡುವಿನ ಎರಡು ದಶಕಗಳಲ್ಲಿ ಹಳೆಯ ಗಾಡಿಗಳನ್ನು ಉಸಿರಾಡಿಸುತ್ತ ಬಂದವರು ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಹುಡುಕುತ್ತಿದ್ದ ಹುಚ್ಚರೂ ಅವರ ಮೆಕ್ಯಾನಿಕ್ಕುಗಳೂ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಇವರೆಲ್ಲ ಒಂದೆಡೆ ಸೇರುತ್ತಾರೆ. ಎರಡು ಸೈಲೆನ್ಸರುಗಳ ಆ ಗುಡುಗುಡು ಸದ್ದು, ಸುಟ್ಟ ಆಯಿಲಿನ ಹೊಗೆ, ಪಳಪಳ ಹೊಳೆಯುವ ಟ್ಯಾಂಕುಗಳು. ಡೌಲಿಗೆ ಬೇಕಾದ ಸಾಮಗ್ರಿಯೆಲ್ಲ ಅಲ್ಲಿದೆ. ಆದರೆ ಅಂಥ ಒಂದು ಕೂಟದಲ್ಲಿ ನಾನು ಕಂಡದ್ದು ಬೇರೆ. ಒಬ್ಬ ಮಧ್ಯವಯಸ್ಕರು ಯಾರದೋ ಮನೆಯ ಹುಡುಗನನ್ನು ಪಕ್ಕಕ್ಕೆ ಕರೆದು, ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುವುದನ್ನು ತೋರಿಸುತ್ತಿದ್ದರು. ಹುಡುಗ ತಾನೇ ಮಾಡಿ ನೋಡಿದ, ಮೂರನೆಯ ಕಿಕ್ಕಿಗೆ ಇಂಜಿನ್ ಹೊತ್ತಿಕೊಂಡಿತು. ಅವನ ಮುಖವನ್ನು ನೀವು ನೋಡಬೇಕಿತ್ತು. ಆಮೇಲೆ ಅವರು ಎಣ್ಣೆಗೈಯ ಒಬ್ಬ ವೃದ್ಧರನ್ನು ತೋರಿಸಿ, "ಗಾಡಿ ನಂದು, ಜೀವ ಇವರದು" ಎಂದರು. ಆ ಹುಡುಗ ಚರ್ಪು ಪಡೆದೇ ಮನೆಗೆ ಹೋದ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳ ಮುಂದೆ ಯಾತ್ರಿಕರು ಮಕ್ಕಳನ್ನು ಎತ್ತಿ ಹಿಡಿದು ತೋರಿಸುವುದೂ ಇಂಥದೇ ಒಂದು ಸಂತೋಷ. ಅಲ್ಲಿ ಒಡೆತನ ಮರೆಯಾಗಿ ವಸ್ತು ಮಾತ್ರ ಎದುರಿಗಿರುತ್ತದೆ.

ಸೈಕಲ್ಲಿನ ಕಥೆ ಇನ್ನೂ ಸೂಕ್ಷ್ಮ. ಬಸವನಗುಡಿಯಲ್ಲಿ ಬೆಟ್ಟವೆಂಬುದಿಲ್ಲ. ಬ್ಯೂಗಲ್ ರಾಕ್ ಇದೆ. ಸುಮಾರು 300 ಕೋಟಿ ವರ್ಷಗಳ ಬಂಡೆಯಾದರೂ ಎತ್ತರದಲ್ಲಿ ಮಾತ್ರ ಬಹಳ ವಿನಯಶೀಲ. ಹೀಗಾಗಿ ಇಲ್ಲಿನ ಬೆಟ್ಟದ ಸೈಕಲ್ಲುಗಳು ಬೆಳಗಿನ ಜಾವ ನಾಲ್ಕಕ್ಕೆ ಹೊರಟು, ಸುಮಾರು 60 ಕಿಲೋಮೀಟರ್ ದೂರದ, 1,478 ಮೀಟರ್ ಎತ್ತರದ ನಂದಿಬೆಟ್ಟಕ್ಕೆ ಹೋಗಬೇಕಾಗುತ್ತದೆ. ಕೆಲವು ಸೈಕಲ್ಲುಗಳು ಕಾರಿನ ಬೆನ್ನೇರಿಯೂ ಹೋಗುತ್ತವೆ. ಒಂದು ಭಾನುವಾರ ಅಂಥ ನಾಲ್ಕಾರು ಸೈಕಲ್ಲುಗಳು ಗಾಂಧಿ ಬಜಾರಿನ ಹೋಟೆಲೊಂದರ ಮುಂದೆ ಒರಗಿ ನಿಂತಿದ್ದವು. ಸವಾರರು ದೋಸೆಗೆ ಕಾಯುತ್ತ ಒಬ್ಬರ ಸೈಕಲ್ಲನ್ನೊಬ್ಬರು ಎತ್ತಿ ತೂಕ ನೋಡುತ್ತಿದ್ದರು. ಪೇಪರ್ ಹಾಕಿ ಬಂದ ಹುಡುಗನೊಬ್ಬ ತನ್ನ ಹಳೆಯ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಹತ್ತಿರ ಬಂದ.

"ಎಷ್ಟಣ್ಣ ಇದಕ್ಕೆ?"

"ಜಾಸ್ತಿ ಕಣೋ" ಎಂದ ಸವಾರ. ಅಂಕಿ ಹೇಳಲು ನಾಚಿದನೆಂದು ಕಾಣುತ್ತದೆ.

"ಒಂದು ರೌಂಡ್ ಕೊಡ್ತೀರಾಣ್ಣ?"

ನಾವು ಹುಡುಗರಾಗಿದ್ದಾಗ ಸೈಕಲ್ ಲೋಕವೆಲ್ಲ ಈ ಒಂದು ಪ್ರಶ್ನೆಯ ಮೇಲೆ ನಿಂತಿತ್ತು. ಶಾಪಿನಲ್ಲಿ ಗಂಟೆಗಿಷ್ಟು ಎಂದು ಬಾಡಿಗೆಗೆ ತಂದದ್ದನ್ನೂ ಮೂವರು ಹಂಚಿಕೊಳ್ಳುತ್ತಿದ್ದೆವು. ರೌಂಡ್ ಕೊಡದವನ ಸೈಕಲ್ ಎಷ್ಟು ಹೊಸದಾದರೂ ಅವನಿಗೆ ನಮ್ಮ ನಡುವೆ ಬೆಲೆ ಇರುತ್ತಿರಲಿಲ್ಲ. ಆ ಸವಾರ ಗೆಳೆಯರ ಮುಖ ನೋಡಿದ. ಒಂದು ಕ್ಷಣ ಏನಾಗುವುದೋ ತಿಳಿಯಲಿಲ್ಲ. ಕೊನೆಗೆ ಸೀಟನ್ನು ತಗ್ಗಿಸಿ, "ಮುಂದಿನ ಬ್ರೇಕ್ ಒಂದನ್ನೇ ಒತ್ತಬೇಡ, ಮುಗ್ಗರಿಸ್ತೀಯ" ಎಂದು ಹೇಳಿ ಕೈಗೆ ಕೊಟ್ಟ. ಹುಡುಗ ಬುಲ್ ಟೆಂಪಲ್ ರಸ್ತೆಯ ಕಡೆಗೆ ಹೋಗಿ ಐದು ನಿಮಿಷದಲ್ಲಿ ಹಿಂದಿರುಗಿ, ಮರ್ಯಾದೆಯಾಗಿ ಒರಗಿಸಿ ನಿಲ್ಲಿಸಿ, "ಸೂಪರಾಗಿದೆಯಣ್ಣ. ಆದ್ರೆ ಪೇಪರ್ ಇಟ್ಕೊಳಕ್ಕೆ ಕ್ಯಾರಿಯರ್ರೇ ಇಲ್ವಲ್ಲ" ಎಂದ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ನಗೆಯಲ್ಲಿ ಮುಗಿಯುವಂಥದ್ದಲ್ಲ. ಒಬ್ಬನಿಗೆ ಸೈಕಲ್ ಇನ್ನೊಂದು; ಮತ್ತೊಬ್ಬನಿಗೆ ಅದು ಇರುವುದೊಂದೇ. ದೇಶದ ಬಡವರು ದಶಕಗಳ ಕಾಲ ತುಳಿದ ಅಟ್ಲಾಸ್ ಸೈಕಲ್ಲಿನ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು ಕೆಲಸ ನಿಲ್ಲಿಸಿತು. ಅಂದು ವಿಶ್ವ ಸೈಕಲ್ ದಿನ. ಇದಕ್ಕೆ ಹವ್ಯಾಸಿಗಳು ಹೊಣೆಯಲ್ಲ ನಿಜ. ಆದರೆ ಸೈಕಲ್ಲನ್ನು ಪ್ರೀತಿಸುತ್ತೇನೆ ಎನ್ನುವವನು ಪೇಪರ್ ಹುಡುಗ ಯಾವ ರಸ್ತೆಯಲ್ಲಿ ಜೀವ ಕೈಯಲ್ಲಿ ಹಿಡಿದು ತುಳಿಯುತ್ತಾನೆ ಎಂಬುದನ್ನೂ ಕೇಳಬೇಕಾಗುತ್ತದೆ. ಒಂದು ವಸ್ತುವಿನ ಮೇಲಿನ ಪ್ರೀತಿ ಅದನ್ನೇ ನಂಬಿ ಬದುಕುವವರ ತನಕ ಹರಿಯದಿದ್ದರೆ, ಅದು ತನ್ನ ಮೇಲಿನ ಪ್ರೀತಿಯೇ ಆಗಿ ಉಳಿಯುತ್ತದೆ.

ಇನ್ನು ಮೂರನೆಯ ಕಟ್ಟಳೆ, ಮಲಗಿಸಿ ಎತ್ತಿಡುವುದು. ಇದೇ ಎಲ್ಲಕ್ಕಿಂತ ಕಷ್ಟದ್ದು.

ಚಾಮರಾಜಪೇಟೆ 1892ರಲ್ಲಿ ರೂಪುಗೊಂಡದ್ದು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು 1898ರ ಪ್ಲೇಗಿನ ತರುವಾಯ. ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತದ್ದನ್ನು ಕಂಡವರು ಗಾಳಿ ಬೆಳಕಿಗೆಂದೇ ಇಲ್ಲಿ ಅಗಲವಾದ ರಸ್ತೆಗಳನ್ನು ಬಿಟ್ಟರು. ಆ ಗಾಳಿ ಬೆಳಕಿನ ಜಾಗದಲ್ಲಿ ಈಗ ನಮ್ಮ ಕಾರುಗಳು ನಿಂತಿವೆ. ದಿನದ ಕಾರು ಹಗಲಾದರೂ ಜಾಗ ಬಿಟ್ಟು ಹೋಗುತ್ತದೆ. ಇನ್ನೊಂದು ಕಾರು ಮುಸುಕು ಹೊದ್ದು ವರ್ಷವಿಡೀ ಅಲ್ಲೇ ಇರುತ್ತದೆ.

ನಮ್ಮ ಬೀದಿಯಲ್ಲಿ ಅಂಥದೊಂದು ಇತ್ತು. ನೆರೆಮನೆಯವರ ತಂದೆ ಹೆಸರು ಬರೆಸಿ, ವರ್ಷಗಟ್ಟಲೆ ಕಾದು ತಂದ ಪ್ರೀಮಿಯರ್ ಪದ್ಮಿನಿ. ಸ್ಟಿಯರಿಂಗ್ ಪಕ್ಕದಲ್ಲೇ ಗೇರು. ತಂದೆ ತೀರಿಕೊಂಡ ಮೇಲೆ ಮಗ ಅದನ್ನು ಮಾರದೆ, ತಿಂಗಳಿಗೊಮ್ಮೆ ಒರೆಸಿ, ವರ್ಷಕ್ಕೆರಡು ಸಲ ಹಳೆಯ ಕಾರುಗಳ ಮೇಳಕ್ಕೆ ಒಯ್ಯುತ್ತಿದ್ದರು. ಇದರಲ್ಲಿ ಡೌಲು ಕಿಂಚಿತ್ತೂ ಇರಲಿಲ್ಲ. ಆದರೆ ಅದು ನಿಲ್ಲುತ್ತಿದ್ದುದು ಅರ್ಧ ಫುಟ್‌ಪಾತಿನ ಮೇಲೆ. ಎದುರು ಸಾಲಿನ ಅಜ್ಜಿಯೊಬ್ಬರು ಕೋಲೂರಿಕೊಂಡು ಸಂಜೆ ಹರಿಕಥೆಗೆ ಹೋಗುವಾಗ, ಅಲ್ಲಿ ರಸ್ತೆಗೆ ಇಳಿಯಬೇಕಾಗಿತ್ತು. ಎರಡು ಸಲ ಆಟೋದವರು ಗದರಿದ ಮೇಲೆ ಅಜ್ಜಿ ಹರಿಕಥೆಗೆ ಹೋಗುವುದನ್ನೇ ಬಿಟ್ಟರು. ಯಾರನ್ನೂ ದೂರಲಿಲ್ಲ, "ಕಾಲು ನೋವು" ಎಂದರು. ನನಗೆ ಕಾರಣ ತಿಳಿದಿತ್ತು, ನೆರೆಯವರಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಅಪ್ಪನ ಕಾರು ಸಾರ್. ಎಲ್ಲಿ ಇಡಲಿ ಹೇಳಿ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಆಗ ನೆನಪಾದದ್ದು ನಮ್ಮ ಮನೆಮನೆಗಳಲ್ಲಿ ಮಕ್ಕಳಿಗೆ ಹೇಳುವ ಒಂದು ಕಥೆ. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ರಾಜೀನಾಮೆ ಕೊಡಲು ಸರ್ಕಾರದ ಕಾರಿನಲ್ಲಿ ಹೋಗಿ, ಕೊಟ್ಟ ಮೇಲೆ ತಮ್ಮ ಸ್ವಂತ ಕಾರಿನಲ್ಲಿ ಹಿಂದಿರುಗಿದರಂತೆ. ನಂದಿಬೆಟ್ಟದ ಸೀಮೆಯ ಮುದ್ದೇನಹಳ್ಳಿಯವರು ಅವರು. ನಮ್ಮ ಸೈಕಲ್ ಸವಾರರು ಭಾನುವಾರ ಹೋಗುವುದು ಅವರ ಹುಟ್ಟೂರಿನ ಕಡೆಗೇ. ಆ ಕಥೆಯಲ್ಲೂ ಇನ್ನೊಂದು ಕಾರಿದೆ. ಅದು ಯಾವ ಕಂಪನಿಯದು, ಯಾವ ಬಣ್ಣದ್ದು ಎಂದು ಕಥೆ ಹೇಳುವುದಿಲ್ಲ, ಕೇಳುವ ಮಕ್ಕಳೂ ವಿಚಾರಿಸುವುದಿಲ್ಲ. ನನ್ನದು ಎಲ್ಲಿಗೆ ಮುಗಿಯುತ್ತದೆ, ಎಲ್ಲರದು ಎಲ್ಲಿಂದ ಆರಂಭವಾಗುತ್ತದೆ ಎಂಬ ಗೆರೆಯನ್ನು ತೋರಿಸಲು ಮಾತ್ರ ಅದು ಅಲ್ಲಿ ನಿಂತಿದೆ. ನೆರೆಯವರ ಪದ್ಮಿನಿ ಅವರದೇ; ಅದರ ಕೆಳಗಿನ ನೆಲ ಅಜ್ಜಿಯದೂ ಹೌದು. ಅಪ್ಪನ ನೆನಪು ಎಷ್ಟು ಪವಿತ್ರವಾದರೂ ಅದರ ಬಾಡಿಗೆಯನ್ನು ಇನ್ನೊಬ್ಬರ ಕಾಲು ತೆರಬಾರದು.

ಆಮೇಲೆ ಅವರು ಕನಕಪುರ ರಸ್ತೆಯ ಕಡೆ ಒಂದು ಶೆಡ್ ಬಾಡಿಗೆಗೆ ಹಿಡಿದು ಕಾರನ್ನು ಅಲ್ಲಿಗೆ ಸಾಗಿಸಿದರು. ದಿನಾ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಕಾಣುತ್ತಿದ್ದುದು ಈಗ ತಿಂಗಳಿಗೊಮ್ಮೆ ಕಂಡರೆ ಹೆಚ್ಚು. "ಮನೆ ಮುಂದೆ ಖಾಲಿ ಖಾಲಿ ಅನ್ಸತ್ತೆ ಸಾರ್" ಎಂದು ಒಮ್ಮೆ ಹೇಳಿದರು. ನ್ಯಾಯಕ್ಕೆ ಬೆಲೆ ಇಲ್ಲದಿಲ್ಲ, ಅದನ್ನು ತೆರುವವರು ಬಹಳ ಸಲ ಒಳ್ಳೆಯವರೇ ಆಗಿರುತ್ತಾರೆ.

ನೋಡುವವರಿಗೂ ಒಂದು ಮಾತು ಹೇಳಬೇಕು. ಗೊಂಬೆ ನೋಡಿ, ಚರ್ಪು ತಿಂದು, ಗೇಟು ದಾಟಿದ ಕೂಡಲೇ ಕೊಂಕು ತೆಗೆಯುವವರು ಹಿಂದೆಯೂ ಇದ್ದರು. ತೋರಿಸುವವನಲ್ಲಿ ಡೌಲು ಇರುವಂತೆ ನೋಡುವವನಲ್ಲಿ ಹೊಟ್ಟೆಕಿಚ್ಚು ಇರುತ್ತದೆ; ಎಷ್ಟೋ ಸಲ ನಾವು ಖಂಡಿಸುವ ಡೌಲು ನಮ್ಮ ಹೊಟ್ಟೆಕಿಚ್ಚಿನ ಇನ್ನೊಂದು ಹೆಸರು. ಪೇಪರ್ ಹುಡುಗನಲ್ಲಿ ಅದು ಇರಲಿಲ್ಲ. ಚೆನ್ನಾಗಿದ್ದುದನ್ನು ಚೆನ್ನಾಗಿದೆ ಎಂದ, ಇಲ್ಲದ್ದನ್ನು ಇಲ್ಲ ಎಂದ, ತನ್ನ ಸೈಕಲ್ ಹತ್ತಿ ಹೋದ.

ಆಯುಧಪೂಜೆಗೆ ಮಾತ್ರ ಆ ಪದ್ಮಿನಿ ನಮ್ಮ ಬೀದಿಗೆ ಬರುತ್ತದೆ. ಬಾಳೆಕಂದು, ಚೆಂಡುಹೂ, ಚಕ್ರದ ಕೆಳಗೆ ನಿಂಬೆಹಣ್ಣು. ಹಣ್ಣಿನವನ ತಳ್ಳುಗಾಡಿಗೆ ಇಟ್ಟ ಕುಂಕುಮವನ್ನೇ ಅದಕ್ಕೂ ಇಡುತ್ತಾರೆ. ಬೀದಿಯ ಮಕ್ಕಳೆಲ್ಲ ಸರದಿಯ ಮೇಲೆ ಹತ್ತಿ ಲಾಲ್‌ಬಾಗಿನ ಪಶ್ಚಿಮದ ಗೇಟಿನವರೆಗೆ ಹೋಗಿ ಬರುತ್ತಾರೆ. ಉಳಿದ ಹೊತ್ತು ಕಾರು ಹಳೆಯ ಜಾಗದಲ್ಲೇ, ಅರ್ಧ ಫುಟ್‌ಪಾತಿನ ಮೇಲೆ, ನಿಂತಿರುತ್ತದೆ. ಹೋದ ವರ್ಷ ಅವರು ಸಂಕೋಚದಿಂದ ಅಜ್ಜಿಯ ಬಳಿ ಹೋಗಿ, "ನಾಳೆ ಬೆಳಿಗ್ಗೆ ತೆಗೆದುಬಿಡ್ತೀನಿ ಅಜ್ಜಿ" ಎಂದರು.

"ಇವತ್ತೊಂದಿನ ಇರಲಿ ಬಿಡಪ್ಪ, ನಿಮ್ಮಪ್ಪನ ಕಾರಲ್ವೆ" ಎಂದರು ಅಜ್ಜಿ, ಕೋಸಂಬರಿಯ ದೊನ್ನೆ ಕೈಗೆತ್ತಿಕೊಳ್ಳುತ್ತ.