ಒತ್ತುವ ಮುನ್ನ ಕಾಣುವುದು

ಮಂಗಳೂರಿನ ಮೀನು ಮಾರುಕಟ್ಟೆಯಲ್ಲೂ ಈಗ ಯುಪಿಐ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ, ಪಿನ್ ಒತ್ತುವ ಮೊದಲೇ ಹಣ ಪಡೆಯುವವರ ಹೆಸರು ಪರದೆಯ ಮೇಲೆ ಬರುತ್ತದೆ. ಬೇಡವೆನಿಸಿದರೆ ಹಿಂದೆ ಸರಿಯಬಹುದು. 2018ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಎಲ್ಲ ಮತಗಟ್ಟೆಗಳಿಗೆ ಬಂದ ವಿವಿಪ್ಯಾಟ್ ಹಾಗಲ್ಲ. ಗುಂಡಿ ಒತ್ತಿದ ಮೇಲೆ 7 ಸೆಕೆಂಡು ಚೀಟಿ ಕಾಣುತ್ತದೆ, ಮತ ಬದಲಿಸುವಂತಿಲ್ಲ. ಮೊದಲು ತೋರಿಸಿದರೆ ಆಯ್ಕೆ ಉಳಿಯುತ್ತದೆ, ಆಮೇಲೆ ತೋರಿಸಿದರೆ ಸಾಕ್ಷಿ ಮಾತ್ರ.

ಆದರೆ ಮುನ್ನೋಟ ಹೊಣೆಯನ್ನೂ ದಾಟಿಸುತ್ತದೆ. ಮೋಸಹೋದವರಿಗೆ ‘ಹೆಸರು ನೋಡಿಯೇ ಪಿನ್ ಹಾಕಿದಿರಲ್ಲ’ ಎನ್ನುವುದು ಸುಲಭ. ಪರದೆಯಲ್ಲಿ ಕಾಣುವುದು ಹೆಸರು. ಅದರ ಹಿಂದಿನ ಉದ್ದೇಶವಲ್ಲ. ಓದು ಬಾರದವರಿಗೆ ಹೆಸರೂ ಕಾಣದು. ‘ತೋರಿಸಿದ್ದೇವೆ’ ಎಂದರೆ ಸಾಲದು. ಅರ್ಥವಾಗುವಂತೆ ತೋರಿಸಿದಾಗಲಷ್ಟೇ ಹೊಣೆ ಬಳಸುವವರ ಹೆಗಲಿಗೆ ಬರುತ್ತದೆ.